ದೊಡ್ಡ ಡಬ್ಬಿ, ಅದೇ ಕಣ್ಣು: ಪಿಕಪ್‌ಗೆ ದೊಡ್ಡ ಆಯಿಲ್ ಫಿಲ್ಟರ್ ಹಾಕುವ ಲೆಕ್ಕಾಚಾರ

ಸುಗ್ಗಿಯ ಕಾಲದಲ್ಲಿ ಸಿರುಗುಪ್ಪದ ರೈಸ್ ಮಿಲ್‌ಗಳ ಮುಂದೆ ಪಿಕಪ್‌ಗಳ ಸಾಲು ನಿಲ್ಲುತ್ತದೆ. ಲೋಡ್ ಇಳಿಯುವವರೆಗೆ ಡ್ರೈವರ್‌ಗಳಿಗೆ ಬೇರೆ ಕೆಲಸ ಇರುವುದಿಲ್ಲ. ಟೀ ಕುಡಿಯುತ್ತಾರೆ, ಒಬ್ಬರ ಗಾಡಿಯ ಬಾನೆಟ್ ಇನ್ನೊಬ್ಬರು ಎತ್ತಿ ನೋಡುತ್ತಾರೆ. ಹಾಗೆ ನೋಡುವಾಗ ಒಬ್ಬ ಹುಡುಗನ ಕಣ್ಣು ನನ್ನ ಗಾಡಿಯ ಆಯಿಲ್ ಫಿಲ್ಟರ್ ಮೇಲೆ ಬಿತ್ತು.

"ಏನಣ್ಣ, ಇಷ್ಟುದ್ದ ಫಿಲ್ಟರ್ ಹಾಕ್ಸೀಯ? ಇದ್ರದ್ದು ಗಿಡ್ಡ ಇರ್ತಿತ್ತಲ್ಲ?"

ಹೌದು, ಗಿಡ್ಡದರ ಜಾಗದಲ್ಲಿ ಉದ್ದದ್ದು ಹಾಕಿಸಿದ್ದೇನೆ ಅಂದೆ.

"ಹಂಗಾದ್ರೆ ಸಣ್ಣ ಧೂಳೂ ಹಿಡೀತದ?"

ಇಲ್ಲ ಅಂದೆ. ಅವನು ನಕ್ಕ. ಹಿಡಿಯದಿದ್ದರೆ ಮತ್ತೆ ಯಾಕೆ ಹಾಕಿಸಿದ್ದು ಅಂತ ಅವನ ಮುಖದಲ್ಲೇ ಇತ್ತು. ಬಳ್ಳಾರಿ, ಸಂಡೂರು, ಸಿಂಧನೂರು ಕಡೆ ಗಾಡಿ ಓಡಿಸುವ ಬಹಳ ಜನರ ತಲೆಯಲ್ಲಿ ಈ ಲೆಕ್ಕ ಹೀಗೇ ಇದೆ. ನಮ್ಮಲ್ಲಿ ಧೂಳು ಜಾಸ್ತಿ, ಹಾಗಾಗಿ ಫಿಲ್ಟರ್ ದೊಡ್ಡದು ಬೇಕು. ಅರ್ಧ ಸರಿ, ಅರ್ಧ ತಪ್ಪು.

ಅವನಿಗೆ ಎದುರಿನ ಮಿಲ್ಲನ್ನೇ ತೋರಿಸಿದೆ. ಅಲ್ಲಿ ಅಕ್ಕಿಯಿಂದ ನುಚ್ಚು ಬೇರೆ ಮಾಡುವ ಜರಡಿ ಇರುತ್ತದೆ. ಜರಡಿಯನ್ನು ಎರಡು ಪಟ್ಟು ದೊಡ್ಡದು ಮಾಡಿದರೆ ಏನಾಗುತ್ತದೆ? ಒಂದು ಗಂಟೆಗೆ ಜಾಸ್ತಿ ಅಕ್ಕಿ ಆಡಿಸಬಹುದು. ಬೇಗ ಕಟ್ಟಿಕೊಳ್ಳುವುದಿಲ್ಲ. ಆದರೆ ಜರಡಿ ಅಗಲವಾಯಿತು ಅಂತ ಅದರ ಕಣ್ಣು ಸಣ್ಣದಾಗುವುದಿಲ್ಲ. ಮೊದಲು ಕೆಳಗೆ ಬೀಳುತ್ತಿದ್ದ ನುಚ್ಚು ಈಗಲೂ ಬೀಳುತ್ತದೆ. ಕಣ್ಣು ಬೇರೆ, ಅಗಲ ಬೇರೆ. ಆಯಿಲ್ ಫಿಲ್ಟರ್‌ದೂ ಇಷ್ಟೇ.

ಇಂಜಿನ್ ಒಳಗೆ ಆಯಿಲ್ ಹೇಗೆ ತಿರುಗುತ್ತದೆ ಅಂತ ಒಮ್ಮೆ ನೋಡೋಣ. ಇಂಜಿನ್‌ನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್‌ನಿಂದ ಪಂಪು ಆಯಿಲನ್ನು ಎಳೆಯುತ್ತದೆ. ಅಲ್ಲಿಂದ ಅದು ಫಿಲ್ಟರ್‌ಗೆ, ಫಿಲ್ಟರ್‌ನಿಂದ ಕ್ರ್ಯಾಂಕ್ ಬೇರಿಂಗ್, ಕ್ಯಾಮ್, ಟರ್ಬೊ ಎಲ್ಲದಕ್ಕೂ ಹೋಗುತ್ತದೆ. ಮತ್ತೆ ಸೋರಿ ಚೇಂಬರ್‌ಗೆ ಬೀಳುತ್ತದೆ. ಗಾಡಿ ಹೈವೇಯಲ್ಲಿ ಓಡುವಾಗ ಚೇಂಬರ್‌ನ ಅಷ್ಟೂ ಆಯಿಲ್ ಒಂದು ನಿಮಿಷದಲ್ಲಿ ಹಲವು ಸಲ ಈ ಸುತ್ತು ಹೊಡೆಯುತ್ತದೆ. ಮೊದಲೆಲ್ಲ ಹೀಗಿರಲಿಲ್ಲ. 1923ರಲ್ಲಿ ಅಮೆರಿಕದಲ್ಲಿ ಪ್ಯೂರೊಲೇಟರ್ ಅಂತ ಮೊದಲ ಆಯಿಲ್ ಫಿಲ್ಟರ್ ಬಂದಾಗ ಆಯಿಲ್‌ನ ಒಂದು ಸಣ್ಣ ಪಾಲು ಮಾತ್ರ ಅದರೊಳಗೆ ಹಾದುಹೋಗುತ್ತಿತ್ತು. ಈಗ ಪೂರ್ತಿ ಆಯಿಲ್ ಹಾಯುತ್ತದೆ. ಅಂದರೆ ಫಿಲ್ಟರ್ ಈಗ ಆಯಿಲ್‌ನ ಮುಖ್ಯ ದಾರಿಯಲ್ಲೇ ಕೂತಿದೆ. ಅದು ಕಟ್ಟಿಕೊಂಡರೆ ಹಿಂದಿರುವ ಬೇರಿಂಗ್‌ಗಳ ಬಾಯಿ ಒಣಗುತ್ತದೆ.

ಅದಕ್ಕೇ ಒಂದು ಬೈಪಾಸ್ ವಾಲ್ವ್ ಇಟ್ಟಿರುತ್ತಾರೆ. ಸ್ಪ್ರಿಂಗ್ ಹಾಕಿದ ಸಣ್ಣ ಬಾಗಿಲು ಅಂದುಕೊಳ್ಳಿ. ಫಿಲ್ಟರ್ ಒಳಗೆ ಆಯಿಲ್ ಸೋಸುವ ಪೇಪರ್‌ನ ಒಂದು ಕಡೆಗೂ ಇನ್ನೊಂದು ಕಡೆಗೂ ಒತ್ತಡದ ವ್ಯತ್ಯಾಸ ಒಂದು ಮಿತಿ ದಾಟಿದರೆ ಅದು ತೆರೆದುಕೊಳ್ಳುತ್ತದೆ. ಹಲವು ಇಂಜಿನ್‌ಗಳಲ್ಲಿ ಆ ಮಿತಿ 1 ಬಾರ್ ಆಸುಪಾಸು. ತೆರೆದಾಗ ಆಯಿಲ್ ಪೇಪರ್ ಮುಟ್ಟದೆ ನೇರ ಇಂಜಿನ್‌ಗೆ ಹೋಗುತ್ತದೆ. ಆಯಿಲ್ ಇಲ್ಲದಿರುವುದಕ್ಕಿಂತ ಕೊಳೆ ಆಯಿಲ್ ವಾಸಿ ಅಂತ ಇಂಜಿನ್ ಮಾಡಿದವರ ಲೆಕ್ಕ. ಸರಿಯಾದ ಲೆಕ್ಕವೇ. ಆದರೆ ಈ ಬಾಗಿಲು ಎಷ್ಟು ಕಡಿಮೆ ತೆರೆದರೆ ಅಷ್ಟು ಒಳ್ಳೆಯದು.

ದೊಡ್ಡ ಫಿಲ್ಟರ್‌ನ ಲಾಭ ಇರುವುದು ಇಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳಿ. ಗಿಡ್ಡ ಡಬ್ಬಿಯೊಳಗಿನ ಪೇಪರ್ 60 ಮಿಲಿಮೀಟರ್ ಎತ್ತರ ಇದೆ, 50 ಮಡಿಕೆ ಇದೆ, ಒಂದೊಂದು ಮಡಿಕೆಯ ಆಳ 12 ಮಿಲಿಮೀಟರ್. ಮಡಿಕೆಗೆ ಎರಡು ಮುಖ. ಹಾಗಾಗಿ ಒಟ್ಟು 720 ಚದರ ಸೆಂಟಿಮೀಟರ್ ಪೇಪರ್ ಆಯಿತು. ಅದೇ ದಪ್ಪದ, 100 ಮಿಲಿಮೀಟರ್ ಎತ್ತರದ ಪೇಪರ್ ಹಾಕಿದರೆ 1,200 ಚದರ ಸೆಂಟಿಮೀಟರ್. ಮೂರರಲ್ಲಿ ಎರಡು ಪಾಲು ಜಾಸ್ತಿ. ಅಷ್ಟೇ ಆಯಿಲ್ ಈಗ ಜಾಸ್ತಿ ಜಾಗದಲ್ಲಿ ಹಂಚಿಕೊಂಡು ಹಾಯುತ್ತದೆ. ಒತ್ತಡದ ವ್ಯತ್ಯಾಸ ಮೊದಲಿನದರ ಶೇಕಡ 60ಕ್ಕೆ ಇಳಿಯುತ್ತದೆ. ಬೈಪಾಸ್ ಬಾಗಿಲು ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ. ಕೊಳೆ ಕೂರುವುದಕ್ಕೂ ಜಾಗ ಜಾಸ್ತಿ. ಇದೆಲ್ಲ ಒಂದೇ ಜಾತಿಯ ಪೇಪರ್ ಇದ್ದರೆ ಮಾತ್ರ. ಕೆಲವು ಕಂಪನಿಗಳು ಉದ್ದ ಡಬ್ಬಿಯೊಳಗೆ ಗಿಡ್ಡ ಪೇಪರನ್ನೇ ಕೂರಿಸಿ, ಉಳಿದ ಜಾಗಕ್ಕೆ ಸ್ಪ್ರಿಂಗ್ ಕೊಟ್ಟಿರುತ್ತವೆ. ಡಬ್ಬಿ ನೋಡಿ ಮೋಸ ಹೋಗಬೇಡಿ.

ಇಲ್ಲಿ ಒಂದು ಮಾತು. ದೊಡ್ಡ ಫಿಲ್ಟರ್ ಬೇಕು ಅನ್ನುವ ವಾದ ಹೆಚ್ಚಾಗಿ ಬಂದಿದ್ದು ಚಳಿ ದೇಶಗಳಿಂದ. ಅಲ್ಲಿ ಬೆಳಿಗ್ಗೆ ಆಯಿಲ್ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿರುತ್ತದೆ, ಪೇಪರ್ ದಾಟುವುದೇ ಕಷ್ಟ, ಬೈಪಾಸ್ ತೆರೆದುಕೊಂಡೇ ಇರುತ್ತದೆ. ನಮ್ಮ ಬಳ್ಳಾರಿ, ರಾಯಚೂರಿನಲ್ಲಿ ಡಿಸೆಂಬರ್‌ನ ಬೆಳಗಿನ ಜಾವದಲ್ಲೂ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಮೇ ತಿಂಗಳಲ್ಲಂತೂ 40 ದಾಟುವುದು ಮಾಮೂಲಿ. ಹಾಗಾಗಿ ಆ ಲಾಭ ನಮಗೆ ಅಷ್ಟಾಗಿ ಸಿಗುವುದಿಲ್ಲ. ನಮಗೆ ಸಿಗುವುದು ಕೊಳೆ ಕೂರುವ ಜಾಗ ಮಾತ್ರ. ಮಿಲ್ ಮುಂದೆ, ಗಣಿಯ ತೂಕದ ಸಾಲಿನಲ್ಲಿ ಗಂಟೆಗಟ್ಟಲೆ ಇಂಜಿನ್ ಆರಿಸದೆ ನಿಲ್ಲುವವರಿಗೆ ಅದೂ ಸಣ್ಣ ಮಾತಲ್ಲ. ಕಿಲೋಮೀಟರ್ ಓಡದೆ ಇದ್ದರೂ ಆಯಿಲ್ ಮಾತ್ರ ಸವೆಯುತ್ತಲೇ ಇರುತ್ತದೆ.

ಇನ್ನು ಕಣ್ಣಿನ ವಿಷಯ. ಫಿಲ್ಟರ್ ಎಷ್ಟು ಸಣ್ಣದನ್ನು ಹಿಡಿಯುತ್ತದೆ ಅನ್ನುವುದನ್ನು ಮೈಕ್ರಾನ್‌ನಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಬೇರಿಂಗ್‌ಗೂ ಕ್ರ್ಯಾಂಕ್‌ಗೂ ನಡುವೆ ಇರುವ ಆಯಿಲ್ ಪೊರೆ ಕೆಲವು ಕಡೆ ಬರೀ ಕೆಲವೇ ಮೈಕ್ರಾನ್. ಅಂದರೆ ನಮ್ಮ ಕಣ್ಣಿಗೆ ಕಾಣದ ಧೂಳೇ ಇಂಜಿನ್ ತಿನ್ನುವುದು.

ಪೆಟ್ಟಿಗೆಯ ಮೇಲೆ ಸುಮ್ನೆ "20 ಮೈಕ್ರಾನ್" ಅಂತ ಇದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. 20 ಮೈಕ್ರಾನ್ ಧೂಳಲ್ಲಿ ನೂರಕ್ಕೆ ಐವತ್ತು ಹಿಡಿದರೂ ಹಾಗೆ ಬರೆಯಬಹುದು, ತೊಂಬತ್ತೊಂಬತ್ತು ಹಿಡಿದರೂ ಬರೆಯಬಹುದು. "20 ಮೈಕ್ರಾನ್‌ನಲ್ಲಿ ಶೇಕಡ 99" ಅಂತ ಎರಡೂ ಅಂಕಿ ಕೊಟ್ಟಿದ್ದರೆ, ಜೊತೆಗೆ ಆಯಿಲ್ ಫಿಲ್ಟರ್‌ಗಳ ಅಂತರರಾಷ್ಟ್ರೀಯ ಪರೀಕ್ಷೆ ಐಎಸ್ಒ 4548-12ರ ಹೆಸರಿದ್ದರೆ, ಆಗ ನಂಬಬಹುದು. ಕಣ್ಣು ಸಣ್ಣದು ಬೇಕು ಅಂದರೆ ಈ ಅಂಕಿ ನೋಡಿ ಕೊಳ್ಳಬೇಕು, ಡಬ್ಬಿಯ ಉದ್ದ ನೋಡಿ ಅಲ್ಲ. ಗಿಡ್ಡ ಫಿಲ್ಟರ್‌ನಲ್ಲೂ ಒಳ್ಳೆಯ ಪೇಪರ್ ಇರಬಹುದು. ಉದ್ದದ್ದರಲ್ಲಿ ಗೋಣಿಚೀಲದಂಥ ಪೇಪರ್ ಇರಬಹುದು.

ಆಯಿಲ್ ಕಪ್ಪಾಗುವುದು ನಿಲ್ಲುತ್ತದಾ ಅಂತಲೂ ಕೇಳುತ್ತಾರೆ. ನಿಲ್ಲುವುದಿಲ್ಲ. ಡೀಸೆಲ್ ಇಂಜಿನ್‌ನ ಆಯಿಲ್ ಕಪ್ಪಾಗುವುದು ಮಸಿಯಿಂದ. ಆ ಮಸಿಯ ಕಣ ಒಂದು ಮೈಕ್ರಾನ್‌ಗಿಂತಲೂ ಸಣ್ಣದು. ಯಾವ ಮಾಮೂಲಿ ಫಿಲ್ಟರ್ ಪೇಪರೂ ಅದನ್ನು ಹಿಡಿಯುವುದಿಲ್ಲ. ಅದನ್ನು ಗಂಟು ಕಟ್ಟದ ಹಾಗೆ ನೋಡಿಕೊಳ್ಳುವುದು ಆಯಿಲ್‌ನಲ್ಲಿ ಬೆರೆಸಿದ ರಾಸಾಯನಿಕದ ಕೆಲಸ. ಆ ಶಕ್ತಿ ಮುಗಿದ ಮೇಲೆ ಆಯಿಲ್ ಬದಲಿಸಲೇಬೇಕು. ಹಾಗಾಗಿ ದೊಡ್ಡ ಫಿಲ್ಟರ್ ಹಾಕಿದ್ದೀನಿ ಅಂತ ಆಯಿಲ್ ಚೇಂಜ್ ಮುಂದಕ್ಕೆ ಹಾಕುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಉಳಿಸಿದ ಎರಡು ಸಾವಿರಕ್ಕೆ ಇಂಜಿನ್ ಬೋರಿಗೆ, ಅಂದರೆ ಸವೆದ ಸಿಲಿಂಡರ್ ಕೊರೆಸುವ ರಿಪೇರಿಗೆ, ಬರುತ್ತದೆ.

ಹಾಗಾದರೆ ಸರಿಯಾದ ದೊಡ್ಡ ಫಿಲ್ಟರ್ ಆರಿಸುವುದು ಹೇಗೆ? ಮೊದಲು ನಿಮ್ಮ ಗಾಡಿಯಲ್ಲಿ ಇರುವುದು ತಿರುಗಿಸಿ ಹಾಕುವ ಡಬ್ಬಿ ಫಿಲ್ಟರೋ, ಮುಚ್ಚಳ ಬಿಚ್ಚಿ ಒಳಗೆ ಪೇಪರ್ ಎಲಿಮೆಂಟ್ ಮಾತ್ರ ಬದಲಿಸುವಂಥದ್ದೋ ನೋಡಿ. ಎಲಿಮೆಂಟ್ ಆದರೆ ಮಾತು ಅಲ್ಲಿಗೆ ಮುಗಿಯಿತು. ಗೂಡು ಎಷ್ಟಿದೆಯೋ ಎಲಿಮೆಂಟ್ ಅಷ್ಟೇ. ಗಾಡಿ ವಾರಂಟಿಯಲ್ಲಿದ್ದರೂ ಕೈ ಹಾಕಬೇಡಿ. ನಾಳೆ ಬೇರಿಂಗ್ ಹೋದರೆ ಅವರು ಮೊದಲು ನೋಡುವುದು ಈ ಫಿಲ್ಟರನ್ನೇ.

ಡಬ್ಬಿ ಫಿಲ್ಟರ್ ಆದರೆ ಮೊದಲು ಥ್ರೆಡ್. ಇದರ ಪಾಠ ನಾನು ದುಡ್ಡು ಕೊಟ್ಟು ಕಲಿತಿದ್ದು. ಒಂದು ಅಂಗಡಿಯಲ್ಲಿ ಹಳೆಯ ಫಿಲ್ಟರ್ ತೋರಿಸಿ, ಇದೇ ಥ್ರೆಡ್‌ನಲ್ಲಿ ಉದ್ದದ್ದು ಕೊಡಿ ಅಂದೆ. ಕೌಂಟರ್‌ನಲ್ಲಿದ್ದವರು ಕಣ್ಣಂದಾಜಿನಲ್ಲೇ ಒಂದು ಕೊಟ್ಟರು. "ಏನಾಗಲ್ಲ ಬಿಡಣ್ಣ, ಕೂರ್ತದ" ಅಂದರು. ಕೂತಿತು ಕೂಡ. ಕೈಗೆ ಸ್ವಲ್ಪ ಸಡಿಲ ಅನ್ನಿಸಿತು, ವಾಷರ್ ಒತ್ತಿದ ಮೇಲೆ ಬಿಗಿಯಾಯಿತು. ಮೂರನೇ ದಿನ ತೋರಣಗಲ್ಲು ದಾಟಿ ಸಂಡೂರು ಕಡೆ ಏರುವಾಗ ಆಯಿಲ್ ದೀಪ ಹತ್ತಿತು. ಇಳಿದು ನೋಡಿದರೆ ಹಿಂದೆ ರಸ್ತೆಯುದ್ದಕ್ಕೂ ಕಪ್ಪು ಗೆರೆ. ತಕ್ಷಣ ಆಫ್ ಮಾಡಿದ್ದಕ್ಕೆ ಇಂಜಿನ್ ಉಳಿಯಿತು. ಆಯಿಲ್ ಮಾತ್ರ ಪೂರ್ತಿ ರಸ್ತೆಗೆ ಹೋಗಿತ್ತು.

ಆಗಿದ್ದು ಇಷ್ಟು. ಇಂಜಿನ್ ಮೇಲಿನ ಥ್ರೆಡ್ ಮುಕ್ಕಾಲು ಇಂಚು, ಇಂಚಿಗೆ 16 ಸುತ್ತು. ಅಂದರೆ 19.05 ಮಿಲಿಮೀಟರ್ ದಪ್ಪ, ಸುತ್ತಿನಿಂದ ಸುತ್ತಿಗೆ 1.59 ಮಿಲಿಮೀಟರ್. ಅವರು ಕೊಟ್ಟ ಫಿಲ್ಟರ್ ಎಂ20, 1.5 ಪಿಚ್‌ದು, ಅಂದರೆ 20 ಮಿಲಿಮೀಟರ್ ದಪ್ಪ, ಸುತ್ತಿನಿಂದ ಸುತ್ತಿಗೆ 1.5 ಮಿಲಿಮೀಟರ್. 20 ಮಿಲಿಮೀಟರ್‌ನ ತೂತಿಗೆ 19ರ ಬೋಲ್ಟು ಹೋಗೇ ಹೋಗುತ್ತದೆ. ಆದರೆ ಹಲ್ಲಿನ ತುದಿ ಮಾತ್ರ ಹಲ್ಲಿನ ತುದಿಯನ್ನು ಹಿಡಿದಿರುತ್ತದೆ. ಅದುರಿ ಅದುರಿ ಒಂದು ದಿನ ಬಿಟ್ಟುಕೊಳ್ಳುತ್ತದೆ. ಇವೆರಡೂ ಮಾರ್ಕೆಟ್‌ನಲ್ಲಿ ಬಹಳ ಸಿಗುವ ಥ್ರೆಡ್‌ಗಳು, ಕಣ್ಣಿಗೆ ಒಂದೇ ಥರ ಕಾಣುತ್ತವೆ. ಹಾಗಾಗಿ ಥ್ರೆಡ್ ಅಳತೆಯನ್ನು ಫಿಲ್ಟರ್ ಕಂಪನಿಯ ಕ್ಯಾಟಲಾಗ್‌ನಲ್ಲೇ ನೋಡಬೇಕು. ಅಂದಾಜು ಬೇಡ, ಯಾರು ಹೇಳಿದರೂ ಬೇಡ. ವಾಷರ್ ಇಂಜಿನ್‌ಗೆ ತಾಗುವ ಮೊದಲು ಡಬ್ಬಿ ಆಚೀಚೆ ಅಲ್ಲಾಡಿದರೆ ಅದನ್ನು ಬಿಚ್ಚಿ ವಾಪಸ್ ಕೊಡಿ.

ಆಮೇಲೆ ರಬ್ಬರ್ ವಾಷರ್. ಅದರ ಹೊರಗಿನ ಅಳತೆ, ಒಳಗಿನ ಅಳತೆ ಎರಡೂ ಹಳೆಯದಕ್ಕೆ ಹೊಂದಬೇಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸ ನಡೆಯಬಹುದು, ಆದರೆ ವಾಷರ್ ಪೂರ್ತಿಯಾಗಿ ಇಂಜಿನ್‌ನ ನುಣುಪು ಮುಖದ ಮೇಲೇ ಕೂರಬೇಕು. ಅಂಚಿನಿಂದ ಆಚೆ ಚಾಚಿದರೆ ಒತ್ತಡಕ್ಕೆ ಹೊರಗೆ ತಳ್ಳಿಕೊಂಡು ಬರುತ್ತದೆ. ಅಳತೆ ಮಾಡಲು ವರ್ನಿಯರ್ ಇಲ್ಲದಿದ್ದರೆ ಒಂದು ಉಪಾಯ ಇದೆ. ಹೊಸ ಫಿಲ್ಟರ್‌ನ ವಾಷರ್‌ಗೆ ಸೀಮೆಸುಣ್ಣ ಸವರಿ, ಇಂಜಿನ್ ಮುಖಕ್ಕೆ ಮೆಲ್ಲಗೆ ತಾಗಿಸಿ ಬಿಚ್ಚಿ. ಗುಂಡಗೆ ಪೂರ್ತಿ ಅಚ್ಚು ಬಿದ್ದಿದ್ದರೆ ಸರಿ. ಆ ಸುಣ್ಣ ಒರೆಸಿ ತೆಗೆಯುವುದನ್ನು ಮರೆಯಬೇಡಿ.

ಬೈಪಾಸ್ ವಾಲ್ವ್ ಎಲ್ಲಿದೆ ಅನ್ನುವುದು ಇನ್ನೂ ಮುಖ್ಯ, ಯಾರೂ ಕೇಳದ ಪ್ರಶ್ನೆಯೂ ಇದೇ. ಕೆಲವು ಇಂಜಿನ್‌ಗಳಲ್ಲಿ ಅದು ಇಂಜಿನ್ ಬ್ಲಾಕ್‌ನಲ್ಲೇ ಇರುತ್ತದೆ, ಕೆಲವಕ್ಕೆ ಫಿಲ್ಟರ್ ಡಬ್ಬಿಯೊಳಗೆ. ಡಬ್ಬಿಯೊಳಗೆ ಬೇಕಾದ ಇಂಜಿನ್‌ಗೆ ವಾಲ್ವ್ ಇಲ್ಲದ ಫಿಲ್ಟರ್ ಹಾಕಿದರೆ, ಪೇಪರ್ ಕಟ್ಟಿದ ದಿನ ಪೇಪರೇ ಹರಿದುಹೋಗುತ್ತದೆ ಅಥವಾ ಆಯಿಲ್ ನಿಲ್ಲುತ್ತದೆ. ಡೀಸೆಲ್ ಫಿಲ್ಟರ್, ಹೈಡ್ರಾಲಿಕ್ ಫಿಲ್ಟರ್ ಡಬ್ಬಿಗಳೂ ಹೊರಗಿನಿಂದ ಹೀಗೇ ಕಾಣುತ್ತವೆ, ಕೆಲವಕ್ಕೆ ಥ್ರೆಡ್ ಕೂಡ ಹೊಂದುತ್ತದೆ. ಡೀಸೆಲ್ ಫಿಲ್ಟರ್‌ನ ಪೇಪರ್ ಇನ್ನೂ ಸಣ್ಣ ಕಣ್ಣಿನದು ಅಂತ ಅದನ್ನೇ ಆಯಿಲ್‌ಗೆ ಹಾಕಿದ ಜಾಣರೂ ಇದ್ದಾರೆ. ಅದರಲ್ಲಿ ಬೈಪಾಸೇ ಇರುವುದಿಲ್ಲ. ಹಾಕಬೇಡಿ. ವಾಲ್ವ್ ಎಷ್ಟು ಬಾರ್‌ಗೆ ತೆರೆಯುತ್ತದೆ ಅನ್ನುವ ಅಂಕಿಯೂ ಕ್ಯಾಟಲಾಗ್‌ನಲ್ಲಿ ಇರುತ್ತದೆ. ಹಳೆಯದರ ಅಂಕಿಗೆ ಹತ್ತಿರದ್ದನ್ನೇ ಆರಿಸಿ.

ಡಬ್ಬಿಯ ತೂತುಗಳ ಒಳಗೆ ಇಣುಕಿದರೆ ತೆಳ್ಳನೆಯ ರಬ್ಬರ್ ಪೊರೆ ಕಾಣುತ್ತದೆ. ಇಂಜಿನ್ ಆರಿಸಿದಾಗ ಫಿಲ್ಟರ್‌ನೊಳಗಿನ ಆಯಿಲ್ ವಾಪಸ್ ಚೇಂಬರ್‌ಗೆ ಇಳಿಯದ ಹಾಗೆ ತಡೆಯುವುದು ಅದೇ. ಫಿಲ್ಟರ್ ಅಡ್ಡಡ್ಡ ಅಥವಾ ಬಾಯಿ ಕೆಳಗಾಗಿ ಕೂರುವ ಗಾಡಿಗಳಿಗೆ ಅದು ಚೆನ್ನಾಗಿರಲೇಬೇಕು. ಡಬ್ಬಿ ದೊಡ್ಡದಾದಷ್ಟೂ ಖಾಲಿಯಾದರೆ ತುಂಬಲು ಜಾಸ್ತಿ ಹೊತ್ತು, ಅಷ್ಟು ಹೊತ್ತು ಬೇರಿಂಗ್‌ಗೆ ಆಯಿಲ್ ಇಲ್ಲ. ಮಾಮೂಲಿ ಕಪ್ಪು ನೈಟ್ರೈಲ್ ರಬ್ಬರ್ ಬಿಸಿಗೆ ಬೇಗ ಬಿರುಸಾಗುತ್ತದೆ. ನಮ್ಮ ಬಿಸಿಲಿಗೆ ಸಿಲಿಕಾನ್ ರಬ್ಬರ್ ಸಿಕ್ಕರೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿಯಾದರೂ ಅದೇ ಇರಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪ ಮೊದಲಿಗಿಂತ ತಡವಾಗಿ ಆರುತ್ತಿದ್ದರೆ ಈ ಪೊರೆಯನ್ನು ಅನುಮಾನಿಸಿ.

ಉದ್ದ ಆರಿಸಬೇಕಾ, ದಪ್ಪ ಆರಿಸಬೇಕಾ? ನನ್ನ ಓಟು ಉದ್ದಕ್ಕೆ. ಒಂದೇ ತಗಡಿನಲ್ಲಿ ಮಾಡಿದ ಡಬ್ಬಿ ದಪ್ಪವಾದಷ್ಟೂ ಒಳಗಿನ ಒತ್ತಡ ತಡೆಯುವ ಶಕ್ತಿ ಕಡಿಮೆ. ಉದ್ದವಾದರೆ ಆ ತೊಂದರೆ ಇಲ್ಲ. ಆದರೆ ಉದ್ದದ ಡಬ್ಬಿ ಅದುರಾಟದಲ್ಲಿ ಥ್ರೆಡ್ ಮೇಲೆ ಜಾಸ್ತಿ ಎಳೆಯುತ್ತದೆ, ಕೆಳಗೆ ಇಳಿಬಿದ್ದರೆ ಕಲ್ಲು ಬಡಿಯುತ್ತದೆ. ಗದ್ದೆ ದಾರಿ, ಕಾಲುವೆ ಏರಿ ಮೇಲೆ ಓಡಿಸುವವರು ಗಾಡಿ ಕೆಳಗೆ ಮಲಗಿ ನೋಡಿ. ಫಿಲ್ಟರ್‌ನ ತಳ ಚೇಂಬರ್‌ಗಿಂತ ಕೆಳಗೆ ಬರಬಾರದು. ಸೈಲೆನ್ಸರ್ ಪೈಪ್, ಸ್ಟೇರಿಂಗ್ ರಾಡ್, ವೈರಿಂಗ್ ಯಾವುದಕ್ಕೂ ತಾಗಬಾರದು. ಇಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಅಲ್ಲಾಡುತ್ತದೆ, ಹಾಗಾಗಿ ಸುತ್ತ ಎರಡು ಬೆರಳಷ್ಟು ಜಾಗ ಬಿಡಿ.

ಈಗ ಆ ಹುಡುಗನ ಧೂಳಿನ ಪ್ರಶ್ನೆಗೆ ಬರೋಣ. ಧೂಳು ಇಂಜಿನ್ ಒಳಗೆ ಹೋಗುವುದು ಆಯಿಲ್ ಮೂಲಕ ಅಲ್ಲ, ಗಾಳಿಯ ಮೂಲಕ. ಏರ್ ಫಿಲ್ಟರ್ ದಾಟಿದ ಧೂಳು ಸಿಲಿಂಡರ್‌ಗೆ ಬಂದು, ಪಿಸ್ಟನ್ ರಿಂಗನ್ನು ಉಜ್ಜಿ, ಆಮೇಲೆ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಫಿಲ್ಟರ್ ಅದನ್ನು ಹಿಡಿಯುವಷ್ಟರಲ್ಲಿ ಅರ್ಧ ಕೆಲಸ ಕೆಟ್ಟಿರುತ್ತದೆ. ಊಟದ ಮನೆಯ ಬಾಗಿಲು ತೆರೆದಿಟ್ಟು, ನೊಣ ಓಡಿಸಲು ದೊಡ್ಡ ಬೀಸಣಿಗೆ ತಂದ ಹಾಗೆ.

ನಮ್ಮ ಸಂಡೂರು ಧೂಳಿನಲ್ಲಿ ಒಂದು ಒಳ್ಳೆಯ ಗುಣ ಇದೆ. ಅದು ಬಣ್ಣ ಮುಚ್ಚಿಡುವುದಿಲ್ಲ. ಏರ್ ಫಿಲ್ಟರ್ ಪೆಟ್ಟಿಗೆಯಿಂದ ಇಂಜಿನ್ ಕಡೆಗೆ ಹೋಗುವ ಪೈಪ್ ಬಿಚ್ಚಿ, ಒಳಗೆ ಬಿಳಿ ಬಟ್ಟೆ ಆಡಿಸಿ ತೆಗೆಯಿರಿ. ಅದು ಫಿಲ್ಟರ್ ಆದ ಮೇಲಿನ ಜಾಗ, ಸ್ವಚ್ಛ ಇರಬೇಕು. ಬಟ್ಟೆ ಕೆಂಪಾಗಿ ಬಂದರೆ ಎಲ್ಲೋ ಬಾಗಿಲು ತೆರೆದಿದೆ. ನನ್ನ ಗಾಡಿಯಲ್ಲಿ ಬಂದಿತ್ತು. ಪೈಪ್‌ನ ಕ್ಲಿಪ್ ಸಡಿಲವಾಗಿತ್ತು, ಅಷ್ಟೇ. ಅಷ್ಟು ದಿನ ನಾನು ಉದ್ದದ ಆಯಿಲ್ ಫಿಲ್ಟರ್ ಹಾಕಿದ್ದೇನೆ ಅಂತ ಮೀಸೆ ತಿರುವುತ್ತಿದ್ದೆ. ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಏರ್ ಫಿಲ್ಟರ್‌ಗೆ ಜೋರಾಗಿ ಹೊಡೆಸುವ ಅಭ್ಯಾಸವೂ ಕೆಟ್ಟದ್ದೇ. ಪೇಪರ್‌ನಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಹೊಡೆಸಲೇಬೇಕಾದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ, ದೂರದಿಂದ.

ಇನ್ನು ಫಿಲ್ಟರ್ ಡಬ್ಬಿಗೆ ಅಂಟಿಸುವ ಅಯಸ್ಕಾಂತ. ನಮ್ಮ ಧೂಳು ಗಣಿಯ ಅದಿರಿನದು, ಅದಿರು ಅಂದರೆ ಕಬ್ಬಿಣ ತಾನೆ, ಅಯಸ್ಕಾಂತ ಹಿಡಿಯುತ್ತದೆ ಅಂತ ಕೆಲವರು ಹಾಕಿಸುತ್ತಾರೆ. ನಮ್ಮ ಕಡೆಯ ಅದಿರು ಹೆಮಟೈಟ್. ಅದು ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಅಂಟುವುದೇ ಇಲ್ಲ. ಇಂಜಿನ್ ಸವೆದು ಉದುರಿದ ಉಕ್ಕಿನ ಪುಡಿ ಮಾತ್ರ ಅಂಟುತ್ತದೆ. ಅದಕ್ಕೆ ಬೇಕಾದರೆ ಇರಲಿ.

ಹಾಕುವ ದಿನದ ಕೆಲಸ ಸುಲಭ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ವಾಷರ್ ಡಬ್ಬಿಯ ಜೊತೆಗೇ ಬಂತಾ ನೋಡಿ. ಇಂಜಿನ್‌ಗೆ ಅಂಟಿ ಉಳಿದಿದ್ದು ಅದರ ಮೇಲೆ ಹೊಸದು ಕೂತರೆ, ಎರಡು ವಾಷರ್ ಜಾರಿ ಆಯಿಲ್ ಪೂರ್ತಿ ಹೊರಗೆ. ಫಿಲ್ಟರ್ ಬಾಯಿ ಮೇಲಾಗಿ ಕೂರುವ ಗಾಡಿಯಾದರೆ ಮೊದಲೇ ಅದಕ್ಕೆ ಆಯಿಲ್ ತುಂಬಿಸಿ. ವಾಷರ್‌ಗೆ ಹೊಸ ಆಯಿಲ್ ಸವರಿ, ಕೈಯಲ್ಲಿ ತಿರುಗಿಸಿ, ತಾಗಿದ ಮೇಲೆ ಮುಕ್ಕಾಲು ಸುತ್ತು. ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದರಂತೆ. ಪಾನಾ ಬೇಡ, ಅದು ಬಿಚ್ಚುವುದಕ್ಕೆ ಮಾತ್ರ.

ಆಯಿಲ್ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. 76 ಮಿಲಿಮೀಟರ್ ದಪ್ಪದ ಡಬ್ಬಿ 40 ಮಿಲಿಮೀಟರ್ ಉದ್ದವಾದರೆ ಸುಮಾರು 150 ಮಿಲಿಲೀಟರ್, ಅಂದರೆ ಒಂದೂವರೆ ಟೀ ಗ್ಲಾಸು. ಆದರೆ ಮೊದಲೇ ಅಷ್ಟು ಸೇರಿಸಿ ಸುರಿಯಬೇಡಿ. ಯಾವಾಗಲೂ ಹಾಕುವಷ್ಟೇ ಹಾಕಿ, ಸ್ಟಾರ್ಟ್ ಮಾಡಿ. ಆಯಿಲ್ ದೀಪ ಆರುವವರೆಗೆ ಆಕ್ಸಲರೇಟರ್ ಮುಟ್ಟಬೇಡಿ. ಐದು ನಿಮಿಷ ಬಿಟ್ಟು ವಾಷರ್ ಸುತ್ತ ಬೆರಳಾಡಿಸಿ, ಒದ್ದೆ ಇದೆಯಾ ನೋಡಿ. ಇಂಜಿನ್ ಆರಿಸಿ ಹತ್ತು ನಿಮಿಷ ಟೀಗೆ ಹೋಗಿ ಬನ್ನಿ. ಗಾಡಿ ಸಮ ನೆಲದಲ್ಲಿರಲಿ. ಆಯಿಲ್ ಅಳೆಯುವ ಕಡ್ಡಿ ಒರೆಸಿ, ಅದ್ದಿ, ನೋಡಿ. ಮೇಲಿನ ಗೆರೆಗೆ ಎಷ್ಟು ಕಡಿಮೆ ಇದೆಯೋ ಅಷ್ಟನ್ನು ಮಾತ್ರ ಸೇರಿಸಿ.